ಲ್ಯಾಂಡ್‌ಸ್ಕೇಪಿನ ಬಾಲ

ನೆದರ್ಲೆಂಡ್ಸಿನ ಹಾರ್ಲೆಮ್‌ಗೆ ಬಂದ ಹೊಸತರಲ್ಲಿ ಒಂದು ಲೆಕ್ಕದ ಹಾಳೆ ಪ್ರಿಂಟ್ ತೆಗೆಯೋಣ ಅಂತ ಊರಿನ ಲೈಬ್ರರಿಗೆ ಹೋಗಿದ್ದೆ. ಕಾಲಂಗಳು ಜಾಸ್ತಿ ಇದ್ದವು, ಹಾಳೆಯನ್ನು ಅಡ್ಡ ತಿರುಗಿಸಬೇಕಿತ್ತು. ಅಲ್ಲಿನ ಕಂಪ್ಯೂಟರ್ ಪೂರ್ತಿ ಡಚ್ ಭಾಷೆಯಲ್ಲಿತ್ತು. ಮೆನು ತೆರೆದರೆ ಕಂಡದ್ದು ಎರಡೇ ಪದ: ‘ಸ್ತಾಂಟ್’, ‘ಲಿಖೆಂಟ್’. ನಿಂತದ್ದು, ಮಲಗಿದ್ದು. ಅಷ್ಟೇ. ಬೆಂಗಳೂರಿನ ಯಾವ ಜೆರಾಕ್ಸ್ ಅಂಗಡಿಗೆ ಹೋದರೂ ಹುಡುಗ ತಲೆ ಎತ್ತದೆ ‘ಪೋರ್ಟ್ರೇಟಾ, ಲ್ಯಾಂಡ್‌ಸ್ಕೇಪಾ ಸರ್?’ ಅಂತಾನೆ. ಆ ಲ್ಯಾಂಡ್‌ಸ್ಕೇಪ್ ಇಂಗ್ಲಿಷಿಗೆ ಹೋಗಿದ್ದೇ ಡಚ್ಚರಿಂದ. ಊರಿಗೆಲ್ಲ ಪದ ಹಂಚಿದವರು ತಮ್ಮ ಪ್ರಿಂಟರಿಗೆ ಮಾತ್ರ ಅದನ್ನು ಇಟ್ಟುಕೊಂಡಿಲ್ಲ!

ಸಣ್ಣ ವಿಷಯ, ನಿಜ. ಆದರೆ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಡಚ್ ಒಂದಿಷ್ಟು ನಾಲಿಗೆಗೆ ಹತ್ತಿದ ಮೇಲೆ ಗೊತ್ತಾಯಿತು, ಈ ಪದದ ಮುಂಭಾಗಕ್ಕಿಂತ ಬಾಲದಲ್ಲೇ ಜಾಸ್ತಿ ಕಥೆ ಇದೆ. ಅವರ ಮೂಲ ಪದ ‘ಲಾಂಡ್‌ಸ್ಖಾಪ್’. ಆ ಖಕಾರವನ್ನು ಗಂಟಲಿನಿಂದ ಕೆರೆದು ತೆಗೆಯಬೇಕು. ‘ಲಾಂಡ್’ ಅಂದರೆ ನೆಲ, ಇದರಲ್ಲಿ ತಕರಾರಿಲ್ಲ. ‘ಸ್ಖಾಪ್’ ಮಾತ್ರ ಇಲ್ಲಿ ಎಲ್ಲಿ ನೋಡಿದರೂ ಸಿಗುತ್ತದೆ. ಗೆಳೆತನ ‘ವ್ರೀಂಡ್‌ಸ್ಖಾಪ್’. ವಿಜ್ಞಾನ ‘ವೇಟೆನ್‌ಸ್ಖಾಪ್’. ಬಸುರಿತನ ‘ಜ್ವಾಂಗರ್‌ಸ್ಖಾಪ್’. ಬಡಗಿಯ ಉಳಿ, ಸುತ್ತಿಗೆ, ಗರಗಸ ಎಲ್ಲ ಸೇರಿ ‘ಖೆರೇಡ್‌ಸ್ಖಾಪ್’. ಸಂದೇಶ ‘ಬೋಡ್‌ಸ್ಖಾಪ್’, ಅದನ್ನೇ ಬಹುವಚನ ಮಾಡಿದರೆ ಅಂಗಡಿಯಿಂದ ತರುವ ದಿನಸಿ ಸಾಮಾನು. ಒಟ್ಟಿನಲ್ಲಿ ನಮ್ಮ ‘ತನ’ ಮಾಡುವ ಕೆಲಸವನ್ನು ಬಹುಪಾಲು ಇದೂ ಮಾಡುತ್ತದೆ. ಒಂದು ವಸ್ತು ಅಥವಾ ಮನುಷ್ಯನನ್ನು ಹಿಡಿದು, ಅದರ ಸ್ಥಿತಿಯನ್ನೋ ಅಂಥವರೆಲ್ಲ ಸೇರಿದ ಕೂಟವನ್ನೋ ಹೇಳುತ್ತದೆ. ಇಂಗ್ಲಿಷಿನ ಫ್ರೆಂಡ್‌ಶಿಪ್‌ನಲ್ಲಿರುವ ‘ಶಿಪ್’, ಜರ್ಮನ್ನಿನ ‘ಶಾಫ್ಟ್’ ಎರಡೂ ಇದರ ದಾಯಾದಿಗಳು.

ಇದರ ಬೇರು ‘ಸ್ಖೆಪ್ಪೆನ್’ ಅನ್ನುವ ಕ್ರಿಯಾಪದದ ಹತ್ತಿರ ಇದೆ. ಸೃಷ್ಟಿಸು, ರೂಪಿಸು ಅಂತ ಅರ್ಥ. ಇಂಗ್ಲಿಷಿನ ‘ಶೇಪ್’ ಕೂಡ ಅದೇ ವಂಶದ್ದು. ಹಾಗಾಗಿ ‘ಸ್ಕೇಪ್ ಅಂದ್ರೆ ಶೇಪ್ ತಾನೇ’ ಅನ್ನುವವರು ಪೂರ್ತಿ ದಾರಿ ತಪ್ಪಿದವರೇನಲ್ಲ, ಸುಮ್ನೆ ಒಂದೆರಡು ತಲೆಮಾರು ಹಾರಿಸಿಬಿಡುತ್ತಾರೆ. ಇನ್ನೊಂದು ತಮಾಷೆ. ಇಂದಿನ ಡಚ್ಚಿನಲ್ಲಿ ‘ಸ್ಖೆಪ್ಪೆನ್’ ಅಂದರೆ ಬಾಚಿ ಎತ್ತು, ಮೊಗೆ ಅಂತಲೂ ಆಗುತ್ತದೆ. ಸಲಿಕೆಗೆ ‘ಸ್ಖೆಪ್’ ಅಂತಾರೆ. ಎರಡೂ ಒಂದೇ ಬೇರಿನಿಂದ ಬಂದವು ಅಂತ ನಾನು ವಾದಕ್ಕೆ ಕೂರಲ್ಲ. ಆದರೆ ಕೆಸರು ಬಾಚಿ, ನೀರು ಮೊಗೆದು ದೇಶ ಮಾಡಿಕೊಂಡವರ ಬಾಯಲ್ಲಿ ಸೃಷ್ಟಿಸುವುದಕ್ಕೂ ಮೊಗೆಯುವುದಕ್ಕೂ ಒಂದೇ ಪದ ಇದೆ ಅಂದರೆ ಯಾರಿಗಾದರೂ ನಗು ಬರುತ್ತೆ, ಅಲ್ವಾ?

ನೋಟವಲ್ಲ, ನಾಡು

ಹಾಗಾದರೆ ಲಾಂಡ್‌ಸ್ಖಾಪ್ ಅಂದರೆ ‘ನೆಲತನ’ವೇ? ಅದೆಂಥ ಅರ್ಥ? ಉತ್ತರ ಡ್ರೆಂತೆಯಲ್ಲಿದೆ. ನೆದರ್ಲೆಂಡ್ಸಿನ ಈಶಾನ್ಯಕ್ಕಿರುವ ಪ್ರಾಂತ್ಯ. ಮರಳು ನೆಲ, ಗಿಡಗಂಟಿ ಅರೆಕೊಳೆತು ಆದ ಪೀಟ್ ಮಣ್ಣಿನ ಜೌಗು, ಕುರುಚಲು ಬಯಲು, ಕುರಿ ಹಿಂಡು. 17ನೇ ಶತಮಾನದಲ್ಲಿ ಏಳು ಪ್ರಾಂತ್ಯಗಳು ಸೇರಿ ಡಚ್ ಗಣರಾಜ್ಯ ನಡೆಸುತ್ತಿದ್ದಾಗ ಡ್ರೆಂತೆಗೆ ಆ ಏಳರಲ್ಲಿ ಜಾಗ ಇರಲಿಲ್ಲ. ಖರ್ಚಿನಲ್ಲಿ ಪಾಲು ಕೊಡಬೇಕಿತ್ತು, ಕೇಂದ್ರ ಸಭೆಯಲ್ಲಿ ಮತ ಮಾತ್ರ ಇಲ್ಲ. ಆಗ ಅದರ ಅಧಿಕೃತ ಹೆಸರೇ ‘ಲಾಂಡ್‌ಸ್ಖಾಪ್ ಡ್ರೆಂತೆ’. ಇಲ್ಲಿ ಯಾರೂ ಗುಡ್ಡ, ಮರ, ಮೋಡದ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಪದ ಬಳಸಿರಲಿಲ್ಲ. ಒಂದು ಸೀಮೆ, ಅಲ್ಲಿ ಬದುಕುವ ಜನ, ಅವರು ಒಪ್ಪಿಕೊಂಡ ಕಟ್ಟಳೆ, ತೀರ್ಮಾನ ಹೇಳುವ ಸಭೆ, ಎಲ್ಲ ಸೇರಿದ್ದು ಲಾಂಡ್‌ಸ್ಖಾಪ್.

ನಮಗೆ ಇದು ಹೊಸದಲ್ಲ. ಕನ್ನಡದಲ್ಲಿ ‘ನಾಡು’ ಅಂದಾಗ ಯಾರೂ ನೋಟ ಅಂದುಕೊಳ್ಳುವುದಿಲ್ಲ. ಹಳೆಯ ಶಾಸನಗಳಲ್ಲಿ ನಾಡಿಗೆ ನಾಳ್ಗಾವುಂಡ ಇದ್ದಾನೆ, ತೆರಿಗೆ ಇದೆ, ಗಡಿ ಇದೆ, ಜಗಳವೂ ಇದೆ. ಇವತ್ತಿಗೂ ಜಾತಿ, ಆದಾಯ ಪ್ರಮಾಣಪತ್ರ ಬೇಕಾದರೆ ಹೋಗುವುದು ನಾಡಕಚೇರಿಗೆ. ಅಲ್ಲಿ ಕ್ಯೂ ನಿಂತವರಿಗೆ ನಾಡಿನ ಸೌಂದರ್ಯ ನೆನಪಾಗುವ ಸಂಭವ ಕಡಿಮೆ. ಡಚ್ಚರ ಹಳೆಯ ಲಾಂಡ್‌ಸ್ಖಾಪ್ ಹೆಚ್ಚುಕಡಿಮೆ ಈ ನಾಡೇ.

ಒಂದು ರಜೆಯಲ್ಲಿ ಡ್ರೆಂತೆಯ ರೋಲ್ಡೆ ಅನ್ನುವ ಹಳ್ಳಿಯ ಕಡೆ ಸೈಕಲ್ ಹೊಡೆದಿದ್ದೆ. ಹತ್ತಿರದಲ್ಲೇ ಬಾಲೋರ್‌ಕೌಲ್ ಅಂತ ಒಂದು ತಗ್ಗು ಇದೆ. ದೊಡ್ಡ ಬೋಗುಣಿಯನ್ನು ನೆಲದಲ್ಲಿ ಹೂತ ಹಾಗೆ. ಸುತ್ತ ಮರ, ಒಳಗೆ ಹುಲ್ಲು. ಹಿಂದೆ ಡ್ರೆಂತೆಯ ಮೇಲಿನ ನ್ಯಾಯಸಭೆ ‘ಎಟ್‌ಸ್ಟೂಲ್’ ಸೇರುತ್ತಿದ್ದ ಜಾಗಗಳಲ್ಲಿ ಇದೂ ಒಂದು. ಸೀಮೆಯಲ್ಲಿ ಆರು ವಿಭಾಗ, ಒಂದೊಂದರಿಂದ ನಾಲ್ಕು ಜನ, ಒಟ್ಟು 24 ಮಂದಿ ಪಂಚರು. ಜೊತೆಗೆ ಅಧ್ಯಕ್ಷನಾಗಿ ‘ಡ್ರೋಸ್ಟ್’. ನಾನು ಹೋದಾಗ ಅಲ್ಲಿ ಒಂದು ಡಚ್ ಸಂಸಾರ ಬ್ರೆಡ್ಡು ಚೀಸು ತಿನ್ನುತ್ತಾ ಕೂತಿತ್ತು. ಚಿಕ್ಕ ಹುಡುಗಿ ಇಳಿಜಾರಿನಲ್ಲಿ ಉರುಳುರುಳಿ ಕೆಳಗೆ ಬರುತ್ತಿದ್ದಳು, ಮತ್ತೆ ಹತ್ತುತ್ತಿದ್ದಳು. ಫೋಟೋ ತೆಗೆಯೋಣ ಅಂತ ಫೋನ್ ಎತ್ತಿದರೆ ಏನೂ ಸಿಗುತ್ತಿಲ್ಲ. ಮೇಲಿಂದ ಹಿಡಿದರೆ ಬರೀ ಹುಲ್ಲು, ಕೆಳಗಿಂದ ಹಿಡಿದರೆ ಬರೀ ಮರ. ಇದು ಕೂತು ಮಾತಾಡೋಕೆ ಇರುವ ಜಾಗ, ನೋಡೋಕೆ ಅಲ್ಲ. ನಾನು ಕಂಡಿದ್ದರಲ್ಲಿ ಲಾಂಡ್‌ಸ್ಖಾಪ್‌ನ ಹಳೆಯ ಅರ್ಥ ಸರಿಯಾಗಿ ಹೊಂದುವ ಜಾಗ ಅದೊಂದೇ. ಫ್ರೇಮಿಗೆ ಮಾತ್ರ ಅದು ಹಿಡಿಸಲಿಲ್ಲ.

ಮದುವೆ ಮನೆಯಲ್ಲಿ ಡ್ಯೂರರ್

ನಾಡು ಯಾವಾಗ ಚಿತ್ರವಾಯಿತು? ಇಂಥ ದಿನ ಅಂತ ಹೇಳಲಾಗದು. ಆದರೆ ಒಂದು ಒಳ್ಳೆಯ ಸಾಕ್ಷಿ ಇದೆ. ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1520ರಿಂದ 1521ರವರೆಗೆ ಈ ಕಡೆಯ ಊರುಗಳನ್ನು ಸುತ್ತಿದ. ಕಂಡದ್ದು, ಉಂಡದ್ದು, ಖರ್ಚಾದದ್ದು ಎಲ್ಲವನ್ನೂ ಜಿಪುಣ ವ್ಯಾಪಾರಿಯ ಹಾಗೆ ಬರೆದಿಟ್ಟ. 1521ರ ಮೇ ತಿಂಗಳಲ್ಲಿ ಆಂಟ್‌ವರ್ಪ್‌ನಲ್ಲಿ ಅವನನ್ನು ಒಬ್ಬ ಚಿತ್ರಕಾರ ತನ್ನ ಮದುವೆಗೆ ಕರೆದ. ಹೆಸರು ಯೋವಾಕಿಮ್ ಪಾತಿನಿರ್. ಒಳ್ಳೆ ಮರ್ಯಾದೆ ಮಾಡಿದರು, ಎರಡು ನಾಟಕ ನೋಡಿದೆ ಅಂತ ಡ್ಯೂರರ್ ಬರೆದುಕೊಂಡ. ಮದುಮಗನ ಪರಿಚಯವನ್ನು ಒಂದೇ ಮಾತಿನಲ್ಲಿ ಮುಗಿಸಿದ: ಒಳ್ಳೆಯ ‘ಲಾಂಡ್‌ಶಾಫ್ಟ್’ ಚಿತ್ರಕಾರ. ಒಬ್ಬ ಮನುಷ್ಯನ ಕಸುಬನ್ನು ಈ ಪದದಿಂದ ಗುರುತಿಸಿದ ಅತಿ ಹಳೆಯ ಬರಹಗಳಲ್ಲಿ ಅದೂ ಒಂದು.

ಪಾತಿನಿರ್‌ನ ಚಿತ್ರಗಳನ್ನು ನೋಡಿದರೆ ಡ್ಯೂರರ್ ಯಾಕೆ ಹಾಗೆ ಕರೆದ ಅಂತ ತಿಳಿಯುತ್ತದೆ. ಹೆಸರಿಗೆ ಎಲ್ಲವೂ ಧಾರ್ಮಿಕ ಚಿತ್ರಗಳೇ. ಸಂತ ಜೆರೋಮ್ ಇರುತ್ತಾನೆ, ಈಜಿಪ್ಟಿಗೆ ಓಡಿಹೋಗುವ ಮೇರಿ, ಜೋಸೆಫ್ ಇರುತ್ತಾರೆ. ಆದರೆ ಅವರನ್ನು ಹುಡುಕಬೇಕು. ಚಿತ್ರದ ತುಂಬ ನೀಲಿ ದೂರ, ಚೂಪು ಬಂಡೆ, ಸುತ್ತಿ ಬಳಸಿ ಹೋಗುವ ಹೊಳೆ, ಹಸಿರು ಬಯಲು. ಸಂತ ಒಂದು ಮೂಲೆಯಲ್ಲಿ ಸಿಂಹದ ಕಾಲಿನ ಮುಳ್ಳು ತೆಗೆಯುತ್ತಾ ಕೂತಿರುತ್ತಾನೆ. ಆ ಜನರನ್ನು ಬರೆಯುವುದರಲ್ಲಿ ಪಾತಿನಿರ್‌ಗೆ ಅಷ್ಟು ಆಸಕ್ತಿ ಇದ್ದಂತೆ ಕಾಣುವುದಿಲ್ಲ. ಮ್ಯಾಡ್ರಿಡ್ಡಿನ ಪ್ರಾಡೊ ಮ್ಯೂಸಿಯಂನಲ್ಲಿರುವ ಒಂದು ದೊಡ್ಡ ಚಿತ್ರದಲ್ಲಿ ನೆಲ, ನೀರು ಅವನದು, ಮನುಷ್ಯರನ್ನು ಬರೆದದ್ದು ಗೆಳೆಯ ಕ್ವೆಂಟಿನ್ ಮಾಸ್ಸೈಸ್. ಡ್ಯೂರರ್ ಕೂಡ ಪಾತಿನಿರ್‌ಗಾಗಿ ಬೂದು ಕಾಗದದ ಮೇಲೆ ನಾಲ್ಕು ಸಂತ ಕ್ರಿಸ್ಟೋಫರ್‌ಗಳನ್ನು ಬರೆದುಕೊಟ್ಟ. ಒಟ್ಟಿನಲ್ಲಿ ಲಾಂಡ್‌ಸ್ಖಾಪ್ ಚಿತ್ರಕಾರ ಅಂದರೆ ಮನುಷ್ಯರ ಕೆಲಸವನ್ನು ಹೊರಗುತ್ತಿಗೆ ಕೊಡುವವನು! ಪದದ ಒಳಗಿನಿಂದ ಜನ ಖಾಲಿ ಆಗತೊಡಗಿದ್ದು ಇಲ್ಲಿಂದಲೇ ಅಂತ ನನಗೆ ಅನಿಸುತ್ತದೆ.

1604ರ ಹೊತ್ತಿಗೆ ಮಾತು ಪಕ್ಕಾ ಆಗಿತ್ತು. ಆ ವರ್ಷ ಕಾರೆಲ್ ಫಾನ್ ಮಾಂಡರ್ ಚಿತ್ರಕಾರರಿಗಾಗಿ ಬರೆದ ದೊಡ್ಡ ಗ್ರಂಥ ಇದೇ ಹಾರ್ಲೆಮ್‌ನಲ್ಲಿ ಪ್ರಕಟವಾಯಿತು. ಅದರಲ್ಲಿ ಲಾಂಡ್‌ಸ್ಖಾಪ್ ಬರೆಯುವುದು ಹೇಗೆ ಅಂತ ಒಂದು ಅಧ್ಯಾಯವೇ ಇದೆ, ಪದ್ಯದಲ್ಲಿ. ಬೆಳಗ್ಗೆ ಬೇಗ ಎದ್ದು ಊರ ಬಾಗಿಲು ದಾಟಿ ಹೊರಗೆ ಹೋಗಿ ನೋಡಿ ಅಂತ ಎಳೆಯ ಚಿತ್ರಕಾರರಿಗೆ ಬುದ್ಧಿ ಹೇಳುತ್ತಾನೆ. ಈ ಕಲೆಯ ಒಳ್ಳೆಯ ರೀತಿ ಮೊದಲು ಹುಟ್ಟಿದ್ದೇ ಹಾರ್ಲೆಮ್‌ನಲ್ಲಿ ಅಂತಲೂ ಸೇರಿಸುತ್ತಾನೆ. ಊರಿನ ಅಭಿಮಾನ ಸ್ವಲ್ಪ ಇದ್ದಿರಬಹುದು, ಇರಲಿ.

ಭದ್ರತೆ ಇಲ್ಲದೆ ಸಾಲ ಕೊಡದವರು

ಪದ ಸಮುದ್ರ ದಾಟಿ ಇಂಗ್ಲೆಂಡ್ ಸೇರಿದ್ದು ಹೆಚ್ಚುಕಡಿಮೆ ಅದೇ ಹೊತ್ತಿಗೆ. ಇಟಾಲಿಯನ್ ಕಲಾಗ್ರಂಥವೊಂದರ 1598ರ ಇಂಗ್ಲಿಷ್ ಅನುವಾದದಲ್ಲಿ ‘ಲ್ಯಾಂಡ್‌ಸ್ಕಿಪ್’ ಅಂತ ಕಾಣಿಸಿಕೊಂಡಿತು. 1605ರಲ್ಲಿ ನಾಟಕಕಾರ ಬೆನ್ ಜಾನ್ಸನ್ ಅರಮನೆಯ ಆಟವೊಂದರ ರಂಗಪರದೆಯ ಬಗ್ಗೆ ಬರೆಯುವಾಗ ಡಚ್ಚಿಗೆ ಇನ್ನೂ ಹತ್ತಿರವಾಗಿ ‘ಲ್ಯಾಂಡ್‌ಟ್‌ಶಾಪ್’ ಅಂದ. ಕಾಗುಣಿತವೇ ಹೇಳುತ್ತದೆ, ಆ ಖಕಾರದ ಜೊತೆ ಇಂಗ್ಲಿಷ್ ಗಂಟಲು ಎಷ್ಟು ಒದ್ದಾಡಿತು ಅಂತ.

ವಿಚಿತ್ರ ಅಂದರೆ ಇಂಗ್ಲಿಷರ ಹತ್ತಿರ ಈ ಪದ ಮೊದಲೇ ಇತ್ತು. ಹಳೆಯ ಇಂಗ್ಲಿಷಿನಲ್ಲಿ ‘ಲಾಂಡ್‌ಶಿಪೆ’ ಅಂದರೆ ಸೀಮೆ, ಪ್ರದೇಶ. ನಡುವೆ ಎಲ್ಲೋ ಬಿದ್ದುಹೋಯಿತು. ಕೆಲವು ಶತಮಾನ ಕಳೆದ ಮೇಲೆ ಅದೇ ಪದವನ್ನು ನೆರೆಯವರಿಂದ ಹೊಸದು ಅಂತ ತಂದುಕೊಂಡರು. ಈ ಸಲ ಅದು ಮನೆಗೆ ಬಂದದ್ದು ಚಿತ್ರದ ರೂಪದಲ್ಲಿ, ಚೌಕಟ್ಟಿನ ಸಮೇತ. ನಾಡು ಅನ್ನುವ ಅರ್ಥ ಹಡಗಿಗೆ ಹತ್ತಲೇ ಇಲ್ಲ.

ಇದರ ಬಗ್ಗೆ ಸೊಗಸಾಗಿ ಬರೆದವನು ಎಡ್ವರ್ಡ್ ನಾರ್ಗೇಟ್. ಅರಮನೆಯ ಕೆಲಸದಲ್ಲಿದ್ದವನು, ಚಿಕಣಿ ಚಿತ್ರಕಲೆಯ ಬಗ್ಗೆ 17ನೇ ಶತಮಾನದ ನಡುವಿನಲ್ಲಿ ಒಂದು ಹೊತ್ತಗೆ ಬರೆದ. ಈ ಕಲೆ ನಮ್ಮ ದಡಕ್ಕೆ ಈಚೆಗಷ್ಟೇ ಬಂದಿಳಿದಿದೆ, ನಮ್ಮ ನಾಲ್ಕು ಸಮುದ್ರದ ನಡುವಿನ ಭಾಷೆಯಲ್ಲಿ ಇದಕ್ಕೊಂದು ಹೆಸರು ಸಿಗದೆ ಸಾಲ ತರಬೇಕಾಯಿತು, ಅದೂ ಒಳ್ಳೆ ಭದ್ರತೆ ಇಲ್ಲದೆ ಸಾಲ ಕೊಡದ ಡಚ್ಚರಿಂದ, ಅನ್ನುವ ಅರ್ಥದ ಮಾತು ಅವನದು. ಡಚ್ಚರ ಕೈಬಿಗಿ ಬಗ್ಗೆ ಇವತ್ತಿಗೂ ಇಲ್ಲಿನ ಆಫೀಸುಗಳಲ್ಲಿ ಜೋಕು ಓಡುತ್ತವೆ. ಕಾಫಿಗೆ ಕರೆದವರು ಬಿಲ್ಲಿನ ನಿಮ್ಮ ಪಾಲನ್ನು ಫೋನಿನಲ್ಲಿ ಕಳಿಸಿ ಅನ್ನೋದು ಗೊತ್ತಿರೋದೇ. ನಾರ್ಗೇಟ್‌ನ ಮಾತು ಓದಿದ ದಿನ ನನ್ನ ಡಚ್ ಸಹೋದ್ಯೋಗಿಗೆ ಕಳಿಸಿದೆ. ‘ಬಡ್ಡಿ ಬಂತಾ?’ ಅಂತ ಉತ್ತರ ಬಂತು.

ಬಡ್ಡಿಯೇನೋ ಬೇರೆ ರೀತಿಯಲ್ಲಿ ಬೆಳೆಯಿತು. ಚಿತ್ರಕ್ಕೆ ಹೇಳುತ್ತಿದ್ದ ಪದವನ್ನು ಇಂಗ್ಲಿಷ್ ಕವಿಗಳು ಹೊಲ ಗದ್ದೆಗೇ ಹೇಳತೊಡಗಿದರು. 1645ರಲ್ಲಿ ಅಚ್ಚಾದ ಮಿಲ್ಟನ್ನನ ಕವಿತೆಯಲ್ಲಿ ಕಣ್ಣು ಸುತ್ತಲಿನ ನಿಜವಾದ ‘ಲ್ಯಾಂಟ್‌ಸ್ಕಿಪ್’ ಅನ್ನು ಅಳೆಯುತ್ತದೆ. ಅಂದರೆ ಕ್ರಮ ಹೀಗೆ: ಮೊದಲು ಜನ ಇರುವ ಸೀಮೆ, ಆಮೇಲೆ ಸೀಮೆಯ ಚಿತ್ರ, ಆಮೇಲೆ ಚಿತ್ರದ ಹಾಗೆ ಕಾಣುವ ಸೀಮೆ. ಮೂರನೆಯದಕ್ಕೆ ಬಂದಾಗ ನೋಡುವವನು ಹೊರಗಿನವನಾಗಿರಲೇಬೇಕು. 18ನೇ ಶತಮಾನದ ಇಂಗ್ಲಿಷ್ ಪ್ರವಾಸಿಗಳು ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಲೇಕ್ ಡಿಸ್ಟ್ರಿಕ್ಟಿಗೆ ಹೋದವರು ಕೈಯಲ್ಲಿ ‘ಕ್ಲಾಡ್ ಗ್ಲಾಸ್’ ಹಿಡಿಯುತ್ತಿದ್ದರು. ಸ್ವಲ್ಪ ಉಬ್ಬಿದ, ಕಪ್ಪು ಛಾಯೆಯ ಪುಟ್ಟ ಕನ್ನಡಿ. ಚಿತ್ರಕಾರ ಕ್ಲಾಡ್ ಲೊರೇನ್‌ನ ಹೆಸರು ಅದಕ್ಕೆ. ಬೆಟ್ಟಕ್ಕೆ ಬೆನ್ನು ಮಾಡಿ ನಿಂತು ಕನ್ನಡಿಯಲ್ಲಿ ಬೆಟ್ಟ ನೋಡಿದರೆ ಅದು ಚಿತ್ರದ ಹಾಗೆ ಕಾಣುತ್ತಿತ್ತು. ಫೋನುಗಳ ಬಗ್ಗೆ ನಾನೇನೂ ಹೇಳಲ್ಲ.

ಕೊನೆಗೆ ಬಾಲವೇ ಕಿತ್ತು ಬಂತು. 1800ರ ಆಸುಪಾಸಿನಲ್ಲಿ ಯಾರೋ ‘ಸ್ಕೇಪ್’ ಅಂದರೆ ನೋಟ ಅಂದುಕೊಂಡು ಸೀಸ್ಕೇಪ್ ಮಾಡಿದರು. ಆಮೇಲೆ ಸಿಟಿಸ್ಕೇಪ್, ಮೂನ್‌ಸ್ಕೇಪ್, ಸೌಂಡ್‌ಸ್ಕೇಪ್. ಗೆಳೆತನದಿಂದ ‘ತನ’ ಕಿತ್ತುಕೊಂಡು ಅದಕ್ಕೆ ‘ಪಾರ್ಕಿನಲ್ಲಿ ಕೂರುವುದು’ ಅಂತ ಅರ್ಥ ಕೊಟ್ಟ ಹಾಗಾಯಿತು. ಬೈಯಲು ನನಗೆ ಇಷ್ಟವಿಲ್ಲ, ಭಾಷೆಗಳು ಬೆಳೆಯೋದೇ ಹೀಗೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಜಾಹೀರಾತಿನ ‘ಲ್ಯಾಂಡ್‌ಸ್ಕೇಪ್ಡ್ ಗಾರ್ಡನ್’ ಕೂಡ ಇದೇ ದಾರಿಯ ಮುಂದಿನ ಸ್ಟಾಪು. ಆದರೆ ಆ ಗಾರ್ಡನ್ನಿಗೆ ನೀರು ಎಲ್ಲಿಂದ ಬರುತ್ತೆ, ಯಾರು ತೀರ್ಮಾನ ಮಾಡ್ತಾರೆ ಅನ್ನೋ ಪ್ರಶ್ನೆ ಬಂದಾಗ ಹಳೆಯ ಅರ್ಥ ಬೇಕಾಗುತ್ತದೆ. ಅಲ್ಲಿಗೆ ಬರ್ತೀನಿ.

ಮಜ್ಜಿಗೆಯಲ್ಲಿ ನೆನೆದ ಬಟ್ಟೆ

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿ ಯಾಕೋಬ್ ಫಾನ್ ರೌಸ್ಡಾಲ್ ಬರೆದ ಹಾರ್ಲೆಮ್‌ನ ನೋಟ ಇದೆ. ಎತ್ತರ 43 ಸೆಂಟಿಮೀಟರ್, ಅಗಲ 38. ಹೌದು, ಅಗಲಕ್ಕಿಂತ ಎತ್ತರ ಜಾಸ್ತಿ. ಜೆರಾಕ್ಸ್ ಹುಡುಗನ ಪ್ರಕಾರ ಲ್ಯಾಂಡ್‌ಸ್ಕೇಪ್ ಕಲೆಯ ಮೇರು ಕೃತಿಗಳಲ್ಲಿ ಒಂದಾದ ಇದು ಪೋರ್ಟ್ರೇಟ್! ಹಾಳೆ ನಿಂತಿದೆ, ಯಾಕಂದರೆ ರೌಸ್ಡಾಲ್‌ಗೆ ಆಕಾಶ ಬೇಕಿತ್ತು. ಚಿತ್ರದ ಮೂರನೇ ಎರಡು ಭಾಗ ಬರೀ ಮೋಡ. ಕೆಳಗೆ ಸಣ್ಣ ಪಟ್ಟಿಯಲ್ಲಿ ಇಡೀ ಊರು, ಅದರ ನಡುವೆ ಸಂತ ಬಾವೋ ಚರ್ಚಿನ ಗುಡ್ಡದಂಥ ಚಾವಣಿ. ಇಂಥ ಚಿತ್ರಗಳು ಎಷ್ಟು ಬೇಡಿಕೆಯಲ್ಲಿದ್ದವು ಅಂದರೆ 17ನೇ ಶತಮಾನದಲ್ಲೇ ಅವಕ್ಕೆ ‘ಹಾರ್ಲೆಂಪ್ಯೆ’ ಅಂತ ಮುದ್ದು ಹೆಸರು ಬಂತು. ಪುಟ್ಟ ಹಾರ್ಲೆಮ್ ಅಂತ.

ಮುಂದಿನ ಬಯಲಲ್ಲಿ ಉದ್ದುದ್ದ ಬಿಳಿ ಪಟ್ಟಿಗಳಿವೆ. ಮೊದಲ ಸಲ ನೋಡುವವರು ನೀರೋ ಹಿಮವೋ ಅಂತಾರೆ. ಅವು ಬಟ್ಟೆಗಳು. ಲಿನನ್ ಬಟ್ಟೆಯನ್ನು ಬಿಳಿ ಮಾಡುವ ದಂಧೆಗೆ ಹಾರ್ಲೆಮ್ ಆ ಕಾಲದಲ್ಲಿ ಹೆಸರುವಾಸಿ. ಹೊರದೇಶಗಳಿಂದಲೂ ಥಾನುಗಳು ಬರುತ್ತಿದ್ದವು, ಬಿಳಿಯಾದ ಮೇಲೆ ‘ಹಾಲೆಂಡ್’ ಅನ್ನುವ ಹೆಸರಲ್ಲೇ ಮಾರಾಟವಾಗುತ್ತಿದ್ದವು. ಕೆಲಸ ಸುಲಭದ್ದಲ್ಲ. ಬೂದಿ ನೀರಲ್ಲಿ ಕುದಿಸು, ಹುಲ್ಲಿನ ಮೇಲೆ ಹಾಸು, ಒಣಗದ ಹಾಗೆ ನೀರು ಎರಚುತ್ತಿರು, ಮತ್ತೆ ಬೂದಿ ನೀರು. ಇದೆಲ್ಲ ಆದ ಮೇಲೆ ದಿನಗಟ್ಟಲೆ ಮಜ್ಜಿಗೆಯಲ್ಲಿ ನೆನೆಹಾಕು. ಹುಳಿ ಬಟ್ಟೆಯೊಳಗಿನ ಕ್ಷಾರವನ್ನು ಕಡಿಯಬೇಕಲ್ಲ. ಸುತ್ತಲಿನ ಹುಲ್ಲುಗಾವಲು ತುಂಬ ಹಸುಗಳಿದ್ದವು, ಮಜ್ಜಿಗೆಗೆ ಬರ ಇರಲಿಲ್ಲ. ಮರಳು ದಿಬ್ಬಗಳಿಂದ ಸೋಸಿ ಬರುವ ಶುದ್ಧ ನೀರೂ ಇತ್ತು. ಬಟ್ಟೆ ಬಿಳಿಯಾಗಲು ತಿಂಗಳುಗಳೇ ಬೇಕು. ನಮ್ಮ ಕಡೆ ಮಜ್ಜಿಗೆ ಕೇಳಿದ್ರೆ ನೀರು ಬೆರೆಸಿ ಕೊಡ್ತಾರೆ, ಇವರು ಬಟ್ಟೆಗೆ ಕುಡಿಸಿದ್ದಾರೆ ಅಂತ ಅಮ್ಮ ಫೋನಿನಲ್ಲಿ ಹೇಳಿದ್ದು ನೆನಪಿದೆ.

ಚಿತ್ರದ ಹತ್ತಿರ ನಿಂತರೆ ಆ ಪಟ್ಟಿಗಳ ಪಕ್ಕ ಚುಕ್ಕಿಗಳು ಕಾಣುತ್ತವೆ. ಕೆಲಸದವರು. ಕುಂಚ ಒಂದು ಸಲ ಮುಟ್ಟಿದರೆ ಒಬ್ಬ ಆಳು. ಬಗ್ಗಿದ್ದಾರೋ ನಿಂತಿದ್ದಾರೋ ಹೇಳೋಕೆ ಬರಲ್ಲ. ಪಾತಿನಿರ್‌ನ ಸಂತರಿಗಿಂತಲೂ ಇವರು ಚಿಕ್ಕವರು. ಆದರೆ ರೌಸ್ಡಾಲ್ ಅವರನ್ನು ಬಿಟ್ಟಿಲ್ಲ ಅನ್ನೋದು ನನಗೆ ಮುಖ್ಯ. ಅವನು ನಿಂತ ಜಾಗ ನಮ್ಮ ಮನೆಯಿಂದ ಸೈಕಲ್ಲಿನ ದೂರ, ಓವರ್‌ವೇನ್ ಕಡೆಯ ಮರಳು ದಿಬ್ಬಗಳು. ನಾನು ಆಗಾಗ ಹೋಗ್ತೀನಿ. ಚರ್ಚು ಈಗಲೂ ಹಾಗೇ ಕಾಣುತ್ತದೆ. ಬಟ್ಟೆಯ ಬಯಲುಗಳ ಜಾಗದಲ್ಲಿ ಮನೆಗಳಿವೆ. ಉತ್ತರಕ್ಕೆ, ಸಮುದ್ರದ ದಂಡೆಯಲ್ಲಿ ಐಮೌಡೆನ್ ಊರಿನ ಉಕ್ಕಿನ ಕಾರ್ಖಾನೆ. ಅದು ಈಗ ಟಾಟಾದ್ದು. ರೌಸ್ಡಾಲ್ ಇದ್ದಿದ್ದರೆ ಆ ಚಿಮಣಿ ಹೊಗೆಯನ್ನೂ ಮೋಡದಲ್ಲಿ ಸೇರಿಸುತ್ತಿದ್ದನೋ ಏನೋ.

ಇದಲ್ಲದೆ ಇನ್ನೊಂದು ಸಂಗತಿ ಚಿತ್ರಕ್ಕೆ ಸಿಗುವಂಥದ್ದೇ ಅಲ್ಲ. ಹಾರ್ಲೆಮ್‌ನ ಹುಡುಗರು ತಮ್ಮ ಊರಿನ ಸಪಾಟು ಬಯಲನ್ನು ಬರೆಯತೊಡಗಿದ ಅದೇ ವರ್ಷಗಳಲ್ಲಿ ಆ ಬಯಲು ಹೊಸದಾಗಿ ತಯಾರಾಗುತ್ತಿತ್ತು. ಉತ್ತರದ ಬೇಮ್‌ಸ್ಟರ್ ಒಂದು ದೊಡ್ಡ ಕೆರೆ. ಡಚ್ ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಮಾಡಿದ ಆಮ್‌ಸ್ಟರ್‌ಡ್ಯಾಮಿನ ವ್ಯಾಪಾರಿಗಳು ಬಂಡವಾಳ ಹಾಕಿದರು. ಸುತ್ತ ಏರಿ ಕಟ್ಟಿ, ನಲವತ್ತಕ್ಕೂ ಹೆಚ್ಚು ಗಾಳಿಯಂತ್ರ ನಿಲ್ಲಿಸಿ ನೀರು ಎತ್ತಿ ಹೊರಗೆ ಹಾಕಿದರು. 1610ರಲ್ಲಿ ಬಿರುಗಾಳಿಗೆ ಏರಿ ಒಡೆದು ಮತ್ತೆ ಕೆರೆ ತುಂಬಿತು. ಹಿಡಿದ ಹಟ ಬಿಡದೆ 1612ಕ್ಕೆ ಒಣಗಿಸಿಯೇ ಬಿಟ್ಟರು. ಸುಮಾರು 7,000 ಹೆಕ್ಟೇರ್. ನೆಲವನ್ನು ಚೌಕ ಚೌಕವಾಗಿ ಹಂಚಿಕೊಂಡರು. ಈ ಕಡೆ ನೋಡುವುದಕ್ಕೆ ಅಂತ ಲಾಂಡ್‌ಸ್ಖಾಪ್, ಆ ಕಡೆ ಮೊಗೆದು ಮಾಡಿದ ಲಾಂಡ್. ಎರಡೂ ಒಟ್ಟಿಗೆ ಬಂದವು.

ಸಲಿಕೆ ನೆಟ್ಟು ಹೊರಡುವುದು

ಈಗ ನಮ್ಮ ಮನೆಗೆ ಬರುವ ಬಿಲ್ಲಿನ ವಿಷಯ. ಈ ದೇಶದಲ್ಲಿ ಮನೆ ಮಾಡಿದವರಿಗೆಲ್ಲ ವರ್ಷಕ್ಕೊಮ್ಮೆ ‘ವಾಟರ್‌ಸ್ಖಾಪ್’ನಿಂದ ತೆರಿಗೆ ಕಾಗದ ಬರುತ್ತದೆ. ನೋಡಿ, ಅದೇ ಬಾಲ. ಇಲ್ಲಿ ಅದು ‘ನೀರಿನ ನೋಟ’ ಅಲ್ಲವೇ ಅಲ್ಲ. ನೀರಿನ ಆಡಳಿತ, ನೀರಿನ ನಾಡಕಚೇರಿ. ಏರಿ ಕಾಯುವುದು, ಕಾಲುವೆಯ ಮಟ್ಟ ನೋಡಿಕೊಳ್ಳುವುದು, ಕೊಳೆ ನೀರು ಶುದ್ಧ ಮಾಡುವುದು ಇದರ ಕೆಲಸ. ಹೊಸದಾಗಿ ಬಂದ ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ವರ್ಷ ಒಬ್ಬರಾದರೂ ‘ನೀರಿನ ಬಿಲ್ ಕಟ್ಟಿ ಆಯ್ತಲ್ಲ, ಇದ್ಯಾವುದು ಇನ್ನೊಂದು?’ ಅಂತ ಕೇಳುತ್ತಾರೆ. ಕುಡಿಯೋ ನೀರಿಗಲ್ಲ ಸ್ವಾಮಿ, ಮುಳುಗದೇ ಇರೋದಕ್ಕೆ ಅಂತ ಹಳಬರು ಹೇಳುತ್ತಾರೆ. ದೇಶದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಸಮುದ್ರ ಮಟ್ಟಕ್ಕಿಂತ ಕೆಳಗಿದೆ, ಸುಮ್ಮನೆ ಮಾತಲ್ಲ.

ಹಾರ್ಲೆಮ್ ಸೇರುವ ರೈನ್‌ಲಾಂಡ್‌ನ ಸಂಸ್ಥೆಗೆ 1255ರ ಸನ್ನದು ಇದೆ. ಅಂದರೆ ನಮ್ಮ ಕಡೆ ಹೊಯ್ಸಳರು ಆಳುತ್ತಿದ್ದಾಗ. ಅದರ ಪೂರ್ತಿ ಬಿರುದು ‘ಹೋಖ್‌ಹೇಮ್‌ರಾಡ್‌ಸ್ಖಾಪ್’. ಒಂದೇ ಉಸಿರಲ್ಲಿ ಹೇಳಿದವರಿಗೆ ಪೌರತ್ವ ಕೊಡಬಹುದು. 1950ರ ಸುಮಾರಿಗೆ ದೇಶದಲ್ಲಿ ಇಂಥವು ಎರಡೂವರೆ ಸಾವಿರಕ್ಕೂ ಹೆಚ್ಚಿದ್ದವು, ಒಂದೊಂದು ಪುಟ್ಟ ಪ್ರದೇಶಕ್ಕೆ ಒಂದೊಂದು. ಸೇರಿಸುತ್ತಾ ಸೇರಿಸುತ್ತಾ ಈಗ 21 ಉಳಿದಿವೆ. ಹಳೆಯ ಕಟ್ಟಳೆಯಲ್ಲಿ ಏರಿಯ ಇಂತಿಷ್ಟು ಭಾಗ ಇಂಥ ರೈತನದು ಅಂತ ಇರುತ್ತಿತ್ತು. ಅವನು ಅದನ್ನು ದುರಸ್ತಿ ಮಾಡುತ್ತಿರಬೇಕು. ಕೈಲಾಗದಿದ್ದರೆ ತನ್ನ ಸಲಿಕೆಯನ್ನು ಏರಿಯ ಮೇಲೆ ನೆಟ್ಟು ಹೊರಟುಹೋಗಬೇಕು. ಆ ಸಲಿಕೆ ಕಿತ್ತವನಿಗೆ ಅವನ ಹೊಲ, ಜೊತೆಗೆ ಅವನ ಪಾಲಿನ ಏರಿ. ‘ಏರಿ ಕಟ್ಟಲಾರದವನು ಜಾಗ ಬಿಡಬೇಕು’ ಅಂತ ಗಾದೆಯೇ ಇದೆ. ಡಚ್ಚಿನಲ್ಲಿ ಅದು ಪ್ರಾಸದಲ್ಲಿ ಬರುತ್ತೆ, ಕೇಳೋಕೆ ಚಂದ, ಆ ರೈತನಿಗೆ ಎಷ್ಟು ಚಂದ ಇತ್ತೋ ಗೊತ್ತಿಲ್ಲ.

ಇಲ್ಲಿನ ನೀರಿನವರ ಸೂತ್ರ ಮೂರು ಪದಗಳದು: ಹಿತ, ಹಣ, ಮಾತು. ನಿನ್ನ ಹಿತ ಇದರಲ್ಲಿದ್ದರೆ ಹಣ ಕೊಡು, ಹಣ ಕೊಟ್ಟರೆ ತೀರ್ಮಾನದಲ್ಲಿ ನಿನ್ನ ಮಾತಿಗೆ ಜಾಗ. ಆ ಮೂರನೆಯದಕ್ಕೆ ಡಚ್ ಪದ ‘ಜೇಖೆನ್‌ಸ್ಖಾಪ್’. ಹೇಳತನ ಅನ್ನಿ. ನಾನು ಇಲ್ಲಿನ ಪ್ರಜೆಯಲ್ಲ, ಸಂಸತ್ತಿಗೆ ವೋಟು ಹಾಕುವ ಹಾಗಿಲ್ಲ. ಆದರೆ ವಾಟರ್‌ಸ್ಖಾಪ್ ಚುನಾವಣೆಗೆ ಪೌರತ್ವ ಬೇಡ, ಕಾನೂನುಬದ್ಧವಾಗಿ ಆ ಪ್ರದೇಶದಲ್ಲಿ ವಾಸವಿದ್ದರೆ ಸಾಕು. ಹಾಗಾಗಿ 2023ರ ಮಾರ್ಚ್ 15ಕ್ಕೆ ಕಾಗದ ಹಿಡಿದು ಹೊರಟೆ. ಮತಪತ್ರ ಮಡಿಕೆ ಬಿಚ್ಚಿದಷ್ಟೂ ಬರುತ್ತಿತ್ತು. ಕೆಂಪು ಪೆನ್ಸಿಲಿನಲ್ಲಿ ಒಂದು ಸುತ್ತು ತುಂಬಬೇಕು.

ಹೋಗುವ ಮೊದಲು ಪಕ್ಕದ ಮನೆಯ ಅಜ್ಜಿ ನನಗೆ ಪಾಠ ಮಾಡಿದ್ದರು. ಅವರು ನನ್ನನ್ನು ‘ಬ್ಯೂರ್‌ಮಾನ್’ ಅಂತ ಕರೆಯುತ್ತಾರೆ, ನೆರೆಯವನೇ ಅಂತ. ಅವರ ಮನೆ ಹಳೆಯದು, ಮರದ ಗೂಟಗಳ ಮೇಲೆ ನಿಂತಿದೆ. ಗೂಟದ ತಲೆ ನೀರಿನಲ್ಲಿ ಮುಳುಗಿರುವ ತನಕ ನೂರಾರು ವರ್ಷ ಏನೂ ಆಗುವುದಿಲ್ಲ. ನೆಲದೊಳಗಿನ ನೀರು ಇಳಿದು ಗಾಳಿ ತಗುಲಿತೋ, ಕೊಳೆಯಲು ಶುರು, ಮನೆ ವಾಲುತ್ತದೆ. ಅವರ ತಮ್ಮ ಹಸು ಸಾಕಿದ್ದಾರೆ, ಪೀಟ್ ನೆಲದ ಹುಲ್ಲುಗಾವಲು. ಅವರಿಗೆ ನೀರು ಕೆಳಗಿರಬೇಕು, ಇಲ್ಲದಿದ್ದರೆ ಟ್ರ್ಯಾಕ್ಟರ್ ಹೂತುಕೊಳ್ಳುತ್ತೆ, ಹಸುವಿನ ಗೊರಸು ಹುಲ್ಲು ತುಳಿದು ಕೆಸರು ಮಾಡುತ್ತೆ. ಆದರೆ ನೀರು ಇಳಿಸಿದರೆ ಪೀಟ್ ಒಣಗಿ ಕುಗ್ಗುತ್ತದೆ, ನೆಲವೇ ವರ್ಷಕ್ಕೆ ಮಿಲಿಮೀಟರುಗಟ್ಟಲೆ ಕುಸಿಯುತ್ತದೆ. ಕುಸಿದ ನೆಲಕ್ಕೆ ನೀರು ಮತ್ತೆ ಹತ್ತಿರವಾಯಿತು, ಮತ್ತೆ ಇಳಿಸಿ ಅಂತಾರೆ. ‘ಪ್ರತಿ ಹಬ್ಬಕ್ಕೂ ನಮ್ಮಿಬ್ಬರ ಜಗಳ ಇದೇ’ ಅಂದರು ಅಜ್ಜಿ. ಯಾವ ಕಾಲುವೆಯಲ್ಲಿ ಬೇಸಿಗೆಗೆ ಎಷ್ಟು ನೀರು, ಚಳಿಗಾಲಕ್ಕೆ ಎಷ್ಟು ಅಂತ ವಾಟರ್‌ಸ್ಖಾಪ್ ಸೆಂಟಿಮೀಟರ್ ಲೆಕ್ಕದಲ್ಲಿ ಬರೆದು ಹೊರಡಿಸುತ್ತದೆ. ‘ಪೈಲ್‌ಬೆಸ್ಲೌಟ್’ ಅಂತ ಅದಕ್ಕೆ ಹೆಸರು, ಮಟ್ಟದ ತೀರ್ಮಾನ. ಮ್ಯೂಸಿಯಂ ಅಂಗಡಿಯಲ್ಲಿ ಪೋಸ್ಟ್‌ಕಾರ್ಡ್ ಆಗಿ ಮಾರುವ ಆ ಹಸು, ಹಸಿರು, ಕಾಲುವೆ, ಕೆಳಗಿನ ದಿಗಂತ ಎಲ್ಲವೂ ಕೊನೆಗೆ ಈ ಕಾಗದದ ಮೇಲೆ ನಿಂತಿದೆ. ಹತ್ತು ಸೆಂಟಿಮೀಟರ್ ಆಚೆ ಈಚೆ ಆದರೆ ಹಸುವಿನ ಜಾಗದಲ್ಲಿ ಜೊಂಡು ಇರುತ್ತದೆ.

ನಾನು ನೀರಿನ ಮಟ್ಟ ಏರಿಸಬೇಕು ಅನ್ನುವವರಿಗೆ ವೋಟು ಹಾಕಿದೆ. ಆ ಸಲ ರೈತರ ಪಕ್ಷ ದೇಶದ ಹಲವು ವಾಟರ್‌ಸ್ಖಾಪ್‌ಗಳಲ್ಲಿ ಮೊದಲ ಸ್ಥಾನಕ್ಕೆ ಬಂತು. ಅಜ್ಜಿಯ ತಮ್ಮ ಅಕ್ಕನಿಗೆ ಒಂದು ದೊಡ್ಡ ಚೀಸ್ ಗುಂಡು ಕಳಿಸಿದರು. ಅದರಲ್ಲಿ ಕಾಲು ಭಾಗ ನಮ್ಮ ಮನೆಗೂ ಬಂತು. ಗೂಟಗಳನ್ನು ಪರೀಕ್ಷೆ ಮಾಡಿಸಲು ಅಜ್ಜಿ ಈಗ ಎಂಜಿನಿಯರ್ ಹುಡುಕುತ್ತಿದ್ದಾರೆ.